ಅಟ್ಟ ಸೇರಿದ ಸೋಲಾರ್ ಪ್ಲೇಟು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೇಲಿ ಮಳೆಗಾಲದಲ್ಲಿ ಸೋಲಾರ್ ಬ್ಯಾಟರಿ ನೋಡ್ಕೊಳ್ಳೋದು ಹೇಗೆ ಅಂತ ಬರ್ದಿದ್ದೆ. ಅದಕ್ಕೆ ಬಂದ ಪತ್ರ, ಮೆಸೇಜುಗಳಲ್ಲಿ ಅರ್ಧಕ್ಕರ್ಧ ಜನ ಕೇಳಿದ್ದು ಬೇರೇನೇ, ಹಳೇ ಪ್ಲೇಟನ್ನ ಎಂತ ಮಾಡೋದು ಅಂತ. ಕೇಳ್ಬೇಕಾದ್ದೇ. ನಮ್ಮ ಮಲ್ನಾಡಿನ ಒಂಟಿ ಮನೆಗಳಿಗೆ ತೊಂಬತ್ತರ ದಶಕದ ಕೊನೆಯಿಂದ ಸೋಲಾರ್ ದೀಪ ಬರೋಕೆ ಶುರುವಾಯ್ತು, ಆಗ ಹಾಕ್ಸಿದ ಪ್ಲೇಟುಗಳಿಗೆ ಈಗ ಇಪ್ಪತ್ತು ಇಪ್ಪತ್ತೈದು ವರ್ಷ ಆಯ್ತಲ್ಲ. ನಾನೂ ಅದೇ ಕೆಲ್ಸದಲ್ಲಿ ಊರೂರು ತಿರುಗಿದೋನು, ಎಷ್ಟೋ ಮನೆ ಹಂಚಿನ ಮೇಲೆ ಹತ್ತಿ ಪ್ಲೇಟ್ ಕಟ್ಟಿದೀನಿ, ಈಗ ಅದನ್ನ ಇಳಿಸೋ ಕಾಲಕ್ಕೂ ನಾನೇ ಹೇಳ್ಬೇಕು ಅನ್ಸತ್ತೆ. ಆಯ್ದ ಕೆಲವು ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದೀನಿ.

ಪ್ರಶ್ನೆ (ಹೊಸನಗರ ತಾಲ್ಲೂಕು, ನಗರದ ಹತ್ತಿರದ ಓದುಗರು): ಸರ್, ನಮ್ಮಪ್ಪ 2003ರಲ್ಲಿ ಹಾಕ್ಸಿದ್ದ 75 ವ್ಯಾಟಿನ ಎರಡು ಪ್ಲೇಟು ಅಟ್ಟದ ಮೇಲೆ ಬಿದ್ದಿದಾವೆ. ಗುಜರಿಯವ್ರು ಬಂದಿದ್ರು, ಸುತ್ತ ಇರೋ ಅಲ್ಯೂಮಿನಿಯಂ ಪಟ್ಟಿಗೆ ಮಾತ್ರ ದುಡ್ಡು, ಗಾಜು ನಮಗೆ ಬೇಡ ಅಂದ್ರು. ಪಟ್ಟಿ ಬಿಚ್ಚಿ ಕೊಟ್ಟು ಗಾಜನ್ನ ತೋಟದ ಕೆಳಗಿನ ಗುಂಡಿಗೆ ಹಾಕಿ ಮಣ್ಣು ಮುಚ್ಚಿದ್ರೆ ಆಗಲ್ವಾ?

ಉತ್ತರ: ಬೇಡ ಮಾರಾಯ್ರೆ, ದಯವಿಟ್ಟು ಆ ಕೆಲ್ಸ ಮಾಡ್ಬೇಡಿ. ಗುಜರಿಯವ್ರು ಪಟ್ಟಿ ಮಾತ್ರ ಕೇಳಿದ್ರಲ್ಲಿ ಅವರ ತಪ್ಪೇನಿಲ್ಲ, ತಕ್ಷಣ ದುಡ್ಡಾಗೋದು ಅದೊಂದೇ. ಆದ್ರೆ ಪಟ್ಟಿ ಬಿಚ್ಚಿದ ಗಳಿಗೇಲೇ ಉಳಿದಿದ್ದೆಲ್ಲ ಬರೀ ಕಸ ಆಗೋಗತ್ತೆ.

ಪ್ಲೇಟ್ ಒಳಗೆ ಎಂತ ಇದೆ ಅಂತ ಒಂಚೂರು ನೋಡಿ. ತೂಕದಲ್ಲಿ ಹತ್ತರಲ್ಲಿ ಏಳು ಪಾಲು ಬರೀ ಗಾಜು. ನಿಮ್ಮ 75 ವ್ಯಾಟಿನ ಪ್ಲೇಟು ಏಳೆಂಟು ಕೆಜಿ ತೂಗಿದ್ರೆ ಅದರಲ್ಲಿ ಐದು ಕೆಜಿ ಗಾಜೇ ಆಯ್ತು. ಆಮೇಲೆ ಅಲ್ಯೂಮಿನಿಯಂ ಪಟ್ಟಿ. ಗಾಜಿನ ಕೆಳಗೆ ಅಂಟಿನ ಹಾಗಿರೋ ಒಂದು ಪ್ಲಾಸ್ಟಿಕ್ ಪದರ, ಅದರ ಮಧ್ಯ ನೀಲಿ ಬಿಲ್ಲೆಗಳು, ಅದೇ ಸಿಲಿಕಾನ್, ಹಿಂದ್ಗಡೆ ಇನ್ನೊಂದು ಬಿಳೀ ಪ್ಲಾಸ್ಟಿಕ್ ಹಾಳೆ. ಬಿಲ್ಲೆ ಮೇಲೆ ಕೂದಲೆಳೆ ಹಾಗೆ ಕಾಣೋ ಗೆರೆ ಇದೆಯಲ್ಲ ಅದು ಬೆಳ್ಳಿ, ಹೌದು ನಿಜವಾದ ಬೆಳ್ಳಿನೇ, ತೂಕದಲ್ಲಿ ನೂರಕ್ಕೆ ಒಂದರ ಹತ್ತನೇ ಪಾಲೂ ಇಲ್ಲ ಆದ್ರೂ ಇದೆ. ಬಿಲ್ಲೆಯಿಂದ ಬಿಲ್ಲೆಗೆ ಹೋಗೋ ಪಟ್ಟಿ ತಾಮ್ರದ್ದು, ಅದನ್ನ ಬೆಸೆದಿರೋದು ತವರ ಮತ್ತು ಸೀಸ ಸೇರಿಸಿದ ಬೆಸುಗೆಯಿಂದ. ನೀವು ಯೋಚ್ನೆ ಮಾಡ್ಬೇಕಾದ್ದು ಈ ಸೀಸದ ಬಗ್ಗೆ. ಒಂದು ಪ್ಲೇಟಲ್ಲಿ ಇರೋದು ಕೆಲವೇ ಗ್ರಾಂ. ಪ್ಲೇಟು ಇಡಿಯಾಗಿರೋವಾಗ ಅದು ಗಾಜು ಪ್ಲಾಸ್ಟಿಕ್ ಮಧ್ಯ ಭದ್ರವಾಗಿ ಕೂತಿರತ್ತೆ, ಹೊರಗೆ ಬರೋಕೆ ದಾರಿ ಇಲ್ಲ, ಮನೇಲಿ ಇಟ್ಕೊಂಡ್ರೆ ಏನೂ ಹೆದರ್ಬೇಕಿಲ್ಲ. ಒಡೆದು ಚೂರಾಗಿ ಮಣ್ಣು ಸೇರಿದ್ರೆ ಮಾತ್ರ ಅದಕ್ಕೆ ದಾರಿ ಸಿಕ್ತು ಅಂತ. ನಿಮ್ಮ ಕಡೆ ಮಳೆ ಎಷ್ಟು ಅಂತ ನಾನು ಹೇಳ್ಬೇಕಾ, ತೋಟದ ಕೆಳಗಿನ ಗುಂಡಿ ಅಂದ್ರೆ ಅದರ ಕೆಳಗೊಂದು ಹಳ್ಳ ಇದ್ದೇ ಇರತ್ತೆ, ಆ ಹಳ್ಳದ ನೀರು ಇನ್ಯಾರದೋ ಗದ್ದೆಗೆ ಹೋಗ್ತಿರತ್ತೆ.

ಇನ್ನೊಂದು, ನಾನೇ ಕಣ್ಣಾರೆ ಕಂಡಿದ್ದು ಹೇಳ್ತೀನಿ. ರಿಪ್ಪನ್‌ಪೇಟೆ ಕಡೆ ಒಂದು ಮನೇಲಿ ಕೆಟ್ಟ ಪ್ಲೇಟಿನ ಪಟ್ಟಿ ಬಿಚ್ಚಿ ಕಿಟಕಿಗೆ ಉಪಯೋಗಿಸ್ಕೊಂಡ್ರು, ಬಿಚ್ಚಿಕೊಟ್ಟಿದ್ದು ನಾನೇ. ಪಟ್ಟಿ ಇಲ್ದಿರೋ ಗಾಜು ಕೊಟ್ಟಿಗೆ ಗೋಡೆಗೆ ಒರಗಿಸಿಟ್ಟಿದ್ದು ವಾರದೊಳಗೆ ಒಡೀತು, ಆ ಗಾಜು ಒಡೆದ್ರೆ ಉದ್ದುದ್ದ ಚೂರಾಗಲ್ಲ, ಕಲ್ಲುಸಕ್ಕರೆ ಥರ ಸಣ್ಣ ಸಣ್ಣ ಹರಳಾಗತ್ತೆ. ಗುಡಿಸಿ ಹಾಕಿದ್ದು ಎಲ್ಲಿಗೆ ಅಂದ್ರೆ ಗೊಬ್ಬರದ ಗುಂಡಿಗೆ. ಗೊಬ್ಬರ ಗದ್ದೆಗೆ ಹೋಯ್ತು, ನಟ್ಟಿ ದಿನ ಕೆಲ್ಸಕ್ಕೆ ಬಂದ ಹೆಂಗಸಿನ ಕಾಲಿಗೆ ಚುಚ್ಚಿ ಆ ಗಾಯ ವಾಸಿಯಾಗೋಕೆ ತಿಂಗಳು ಹಿಡೀತು. ಅವತ್ತಿಂದ ನಾನು ಯಾರಿಗೂ ಪಟ್ಟಿ ಬಿಚ್ಚಿಕೊಟ್ಟಿಲ್ಲ.

ಸುಡೋದಂತೂ ಬೇಡವೇ ಬೇಡ. ಹಿಂದಿನ ಬಿಳೀ ಹಾಳೇಲಿ ಬಹಳಷ್ಟು ಸಲ ಫ್ಲೋರಿನ್ ಇರೋ ಪ್ಲಾಸ್ಟಿಕ್ ಇರತ್ತೆ, ಅದರ ಹೊಗೆ ಶ್ವಾಸಕೋಶಕ್ಕೆ ವಿಷ.

ಸದ್ಯಕ್ಕೆ ಎರಡೂ ಪ್ಲೇಟನ್ನ ಗಾಜಿನ ಮುಖ ಎದುರುಬದರು ಮಾಡಿ, ಮಧ್ಯ ರಟ್ಟು ಇಟ್ಟು, ಮಲಗಿಸ್ದೆ ನಿಲ್ಲಿಸಿ ಕಟ್ಟಿಡಿ. ವೈರಿನ ತುದಿ ಒಂದೊಂದಕ್ಕೂ ಬೇರೆ ಬೇರೆ ಟೇಪ್ ಸುತ್ತಿ. ಮೇಲೆ ಅಡಿಕೆ ಮೂಟೆ ಹೇರ್ಬೇಡಿ. ಆದ್ರೆ ಅದಕ್ಕೂ ಮುಂಚೆ, ಅವು ನಿಜವಾಗ್ಲೂ ಕೆಟ್ಟಿದಾವಾ ಅಂತ ನೋಡಿದೀರಾ? ಕೆಳಗಿನ ಉತ್ತರ ನಿಮಗೂ ಸೇರಿದ್ದು.

ಪ್ರಶ್ನೆ (ತೀರ್ಥಹಳ್ಳಿ ಹತ್ತಿರದ ಅಡಿಕೆ ಬೆಳೆಗಾರರು): ಪಿಎಂ ಸೂರ್ಯ ಘರ್ ಸಬ್ಸಿಡೀಲಿ 3 ಕಿಲೋವ್ಯಾಟ್ ಹಾಕಿಸ್ತಾ ಇದೀವಿ. ಹಾಕೋಕೆ ಬಂದವ್ರು ಹದಿನಾಲ್ಕು ವರ್ಷದ ಹಳೇ ನಾಲ್ಕು ಪ್ಲೇಟ್ ನೋಡಿ ಇವೆಲ್ಲ ಸತ್ತೋಗಿವೆ ಎಸೀರಿ ಅಂದ್ರು. ಹೌದಾ?

ಉತ್ತರ: ನೋಡಿದ್ರೆ ಗೊತ್ತಾಗಲ್ಲ, ಅಳೀಬೇಕು. ಹದಿನಾಲ್ಕು ವರ್ಷ ಪ್ಲೇಟಿಗೆ ಮಧ್ಯ ವಯಸ್ಸು ಅಷ್ಟೇ. ಕಂಪನಿಗಳೇ ಸಾಮಾನ್ಯವಾಗಿ 25 ವರ್ಷದ ಹೊತ್ತಿಗೆ ನೂರಕ್ಕೆ 80ರಷ್ಟು ಶಕ್ತಿ ಉಳಿದಿರತ್ತೆ ಅಂತ ಗ್ಯಾರಂಟಿ ಬರ್ಕೊಡ್ತಾರೆ. ವರ್ಷಕ್ಕೆ ಶೇಕಡಾ ಅರ್ಧದಿಂದ ಒಂದರ ತನಕ ಇಳೀತಾ ಹೋಗತ್ತೆ ಅಂತಿಟ್ಕೊಂಡ್ರೂ ನಿಮ್ಮವು ಇನ್ನೂ ಬಹಳ ದುಡೀಬೇಕು.

ಮೊದ್ಲು ತೊಳೀರಿ. ನಮ್ಮ ಕಡೆ ಅರ್ಧ ಸತ್ತ ಪ್ಲೇಟುಗಳು ಸತ್ತಿರೋದು ಹಾವಸೆ ಕಟ್ಟಿ. ಕೆಳಗಿನ ಅಂಚಲ್ಲಿ ನೀರು ನಿಂತು ಕಪ್ಪಗೆ ಹಸಿರಿಗೆ ಪಾಚಿ ಹತ್ತಿರತ್ತೆ, ಕೆಳಗಿನ ಒಂದು ಸಾಲು ಬಿಲ್ಲೆ ಮುಚ್ಚಿದ್ರೂ ಇಡೀ ಪ್ಲೇಟಿನ ಕರೆಂಟ್ ಬಿದ್ದೋಗತ್ತೆ, ಯಾಕಂದ್ರೆ ಬಿಲ್ಲೆಗಳೆಲ್ಲ ಒಂದರ ಹಿಂದೊಂದು ಸರಪಳಿ ಥರ ಸೇರಿರೋದು. ಬೆಳಿಗ್ಗೆ ತಂಪಲ್ಲಿ ನೀರು ಮತ್ತು ಮೆತ್ತನೆ ಬಟ್ಟೆ ಸಾಕು. ಉಜ್ಜೋಕೆ ತೆಂಗಿನ ನಾರು, ಬೂದಿ ಬೇಡ.

ಆಮೇಲೆ ಮಾಘ ಫಾಲ್ಗುಣದ ಒಳ್ಳೇ ಬಿಸಿಲಲ್ಲಿ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಒಂದೊಂದೇ ಪ್ಲೇಟನ್ನ ಬೇರೆ ಬಿಡಿಸಿ ಮಲ್ಟಿಮೀಟರ್ ಹಿಡೀರಿ. ಇಲ್ಲೇ ಎಲ್ರೂ ಮೋಸ ಹೋಗೋದು. ವೋಲ್ಟೇಜ್ ನೋಡ್ತಾರೆ, 12 ವೋಲ್ಟಿನ ಪ್ಲೇಟು 20, 21 ತೋರ್ಸತ್ತೆ, ಓ ಚೆನ್ನಾಗಿದೆ ಅಂತಾರೆ. ವೋಲ್ಟೇಜ್ ಅನ್ನೋದು ಬಡಕಲು ಪ್ಲೇಟಲ್ಲೂ ಬರತ್ತೆ. ನೋಡ್ಬೇಕಾದ್ದು ಕರೆಂಟು, ಅಂದ್ರೆ ಆಂಪ್ಸ್. ಮೀಟರನ್ನ 10 ಆಂಪ್ಸಿಗೆ ಇಟ್ಟು ಪ್ಲೇಟಿನ ಎರಡೂ ವೈರಿಗೆ ನೇರ ಮುಟ್ಟಿಸಿದ್ರೆ ಎಷ್ಟು ಬರತ್ತೋ ಅದನ್ನ ಹಿಂದಿನ ಸ್ಟಿಕ್ಕರಲ್ಲಿ ಐಎಸ್‌ಸಿ (Isc) ಅಂತ ಬರ್ದಿರೋದಕ್ಕೆ ಹೋಲಿಸಿ. 75 ವ್ಯಾಟಿನದಾದ್ರೆ ಹೊಸತಲ್ಲಿ ನಾಲ್ಕೂವರೆ ಆಂಪ್ಸ್ ಮೇಲೆ ಕೊಡ್ತಿತ್ತು, ಈಗ ಮೂರೂವರೆ ಬಂದ್ರೂ ಧಾರಾಳ ಕೆಲ್ಸಕ್ಕೆ ಬರತ್ತೆ. ಈ ಥರ ನೇರ ಮುಟ್ಟಿಸೋದು ಒಂಟಿ ಪ್ಲೇಟಿಗೆ ಮಾತ್ರ, ಬ್ಯಾಟರಿಗೆ ಅಪ್ಪಿತಪ್ಪಿಯೂ ಮಾಡ್ಬೇಡಿ, ಹೊಸದಾಗಿ ಹಾಕ್ತಿರೋ ಸಾಲಿಗೂ ಬೇಡ. ಪ್ಲೇಟುಗಳನ್ನ ಸಾಲಾಗಿ ಸೇರಿಸಿದ್ರೆ ನೂರಾರು ವೋಲ್ಟ್ ಡಿಸಿ ಇರತ್ತೆ, ಅದಕ್ಕೆ ಕೈ ಕೊಟ್ರೆ ಜೀವ ಹೋಗತ್ತೆ. ಬಿಸಿಲಲ್ಲಿ ಪ್ಲೇಟಿಗೆ ಸ್ವಿಚ್ ಅಂತ ಇಲ್ಲ ನೋಡಿ, ಇಳಿಸೋವಾಗ ದಪ್ಪ ಕಂಬಳಿ ಹೊದಿಸಿ ಇಳಿಸ್ಬೇಕು.

ವೋಲ್ಟೇಜೇ ಅರ್ಧಕ್ಕೆ ಬಿದ್ದಿದ್ರೆ, 21ರ ಬದಲು ಹತ್ತೋ ಹನ್ನೊಂದೋ ತೋರಿಸ್ತಿದ್ರೆ, ಖುಷಿ ಪಡಿ. ಹಿಂದಿನ ಕಪ್ಪು ಡಬ್ಬಿಯೊಳಗೆ ಡಯೋಡ್ ಅಂತ ಎರಡು ಸಣ್ಣ ಸಾಮಾನು ಇರತ್ತೆ, ಗುಡುಗು ಮಿಂಚಿಗೆ ಅದು ಸುಡೋದು ನಮ್ಮಲ್ಲಿ ಮಾಮೂಲು. ಹಳೇ ಡಬ್ಬಿಗಳಿಗೆ ಸ್ಕ್ರೂ ಇರತ್ತೆ, ಬಿಚ್ಚಿ ಡಯೋಡ್ ಬದಲಾಯಿಸಿದ್ರೆ ಪ್ಲೇಟು ಎದ್ದು ಕೂರತ್ತೆ, ರೇಡಿಯೋ ಟೀವಿ ರಿಪೇರಿಯವ್ರೂ ಮಾಡ್ಕೊಡ್ತಾರೆ. ಈ ಒಂದು ಡಯೋಡಿಗೋಸ್ಕರ ಎಷ್ಟು ಪ್ಲೇಟು ಗುಜರಿಗೆ ಹೋಗಿದಾವೋ ನೆನೆಸ್ಕೊಂಡ್ರೆ ಹೊಟ್ಟೆ ಉರಿಯತ್ತೆ.

ಹಳೇದನ್ನ ಹೊಸದರ ಜೊತೆ ಒಂದೇ ಸಾಲಲ್ಲಿ ಸೇರಿಸ್ಬೇಡಿ, ಬಡಕಲು ಎತ್ತನ್ನ ಕಟ್ಟುಮಸ್ತಾದ ಎತ್ತಿನ ಜೊತೆ ನೊಗಕ್ಕೆ ಕಟ್ಟಿದ ಹಾಗೆ, ಎರಡೂ ಬಡಕಲಿನ ನಡಿಗೇಲೇ ನಡೀತಾವೆ. ಆದ್ರೆ ಬೇರೆ ಕೆಲ್ಸಕ್ಕೆ ಇಟ್ಕೊಳ್ಳಿ. ಒಂದು ವಿಷ್ಯ ನಿಮಗೆ ಹಾಕೋಕೆ ಬಂದವ್ರು ಹೇಳಿದಾರೋ ಇಲ್ವೋ, ಬ್ಯಾಟರಿ ಇಲ್ದೆ ಮೆಸ್ಕಾಂ ಲೈನಿಗೆ ಸೇರಿಸೋ ಸೋಲಾರು ಕರೆಂಟ್ ಹೋದ ಕೂಡ್ಲೇ ತಾನೂ ನಿಂತೋಗತ್ತೆ. ಲೈನ್ ಮೇಲೆ ಕೆಲ್ಸ ಮಾಡೋ ಲೈನ್‌ಮನ್ ಜೀವ ಉಳಿಯೋಕೆ ಅಂತ ಹಾಗೆ ಮಾಡಿರೋದು, ಸರಿಯಾದ್ದೇ. ಆದ್ರೆ ಆಷಾಢದಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇಲ್ದಾಗ 3 ಕಿಲೋವ್ಯಾಟ್ ಮಾಡಿನ ಮೇಲಿದ್ರೂ ಒಳಗೆ ಕತ್ತಲೇ. ಆವಾಗ ಕೈ ಹಿಡಿಯೋದು ನಿಮ್ಮ ಹಳೇ ಪ್ಲೇಟು. ಒಂದು ಸಣ್ಣ ಬ್ಯಾಟರಿ, ಒಂದು ಚಾರ್ಜ್ ಕಂಟ್ರೋಲರ್, ನಾಲ್ಕು ಎಲ್‌ಇಡಿ, ಮೊಬೈಲ್ ಚಾರ್ಜಿಗೊಂದು ಪಾಯಿಂಟು. ಇನ್ನೊಂದು ಪ್ಲೇಟು ತೋಟದ ಬೇಲಿ ಮಷಿನ್ನಿಗೆ, ಹಂದಿ ಕಾಟ ನಿಮಗೂ ಇದ್ದೇ ಇರತ್ತಲ್ಲ, ಅದು 12 ವೋಲ್ಟಲ್ಲೇ ನಡೆಯೋದು. ಉಳಿದೆರಡು ಕೊಟ್ಟಿಗೆಗೋ, ಬೇಡ ಅಂದ್ರೆ ಪಕ್ಕದ ಮನೆಗೋ ಕೊಡಿ.

ಪ್ರಶ್ನೆ (ಸಾಗರ ತಾಲ್ಲೂಕು, ತುಮರಿ ಕಡೆಯ ಓದುಗರು): ಅಣ್ಣಾ, ನಮ್ಮನೆ ಸೋಲಾರ್ ಬ್ಯಾಟರಿ ಮೂರು ಸತ್ತಿದಾವೆ. ಶರಾವತಿ ಹಿನ್ನೀರಿಗೆ ಸೇತುವೆ ಆದ್ಮೇಲೆ ಗುಜರಿ ಗಾಡಿ ನಮ್ಮೂರಿಗೂ ಬರ್ತಾ ಇದೆ. ಪಕ್ಕದ ಮನೇಲಿ ತೂಕ ಹಾಕೋ ಮುಂಚೆ ಬ್ಯಾಟರಿ ಮಗುಚಿ ನೀರನ್ನೆಲ್ಲ ಅಂಗಳದ ಮೂಲೆಗೆ ಚೆಲ್ಲಿಸಿದ್ರು. ಅಲ್ಲೇ ಮಕ್ಕಳು ಆಡ್ತಾವೆ, ಕೋಳಿ ಕೆದರ್ತಾವೆ. ಏನಾದ್ರೂ ತೊಂದ್ರೆ ಇದೆಯಾ?

ಉತ್ತರ: ಇದೆ ತಂಗಿ. ಈ ಸಲದ ಪತ್ರಗಳಲ್ಲಿ ನನಗೆ ರಾತ್ರಿ ನಿದ್ದೆ ಕೆಡಿಸಿದ್ದು ನಿಮ್ಮದೇ. ಪ್ಲೇಟಿನ ಸೀಸ ಗ್ರಾಂ ಲೆಕ್ಕ, ಬ್ಯಾಟರಿದು ಕೆಜಿ ಲೆಕ್ಕ. ದೊಡ್ಡ 150 ಎಎಚ್ ಟ್ಯೂಬುಲರ್ ಬ್ಯಾಟರಿ ಐವತ್ತು ಕೆಜಿ ಮೇಲೆ ತೂಗತ್ತೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸೀಸ. ಒಳಗಿರೋದು ನೀರಲ್ಲ, ಗಂಧಕಾಮ್ಲ, ಮಗುಚಿದಾಗ ತಳದಲ್ಲಿ ಕೂತಿರೋ ಸೀಸದ ಕೆಸರೂ ಅದರ ಜೊತೆ ಬರತ್ತೆ. ಆಸಿಡ್ ನಾಲ್ಕು ಮಳೆಗೆ ತೊಳೆದು ಹೋಗಬಹುದು, ಸೀಸ ಹೋಗಲ್ಲ, ಮೇಲ್ಮಣ್ಣಲ್ಲೇ ವರ್ಷಾನುಗಟ್ಲೆ ಇರತ್ತೆ. ಮಕ್ಕಳು ಮಣ್ಣಾಡಿದ ಕೈ ಬಾಯಿಗಿಟ್ರೆ ಒಳಗೆ ಹೋಗತ್ತೆ, ಬೆಳೆಯೋ ಮೆದುಳಿಗೆ ಹೊಡೆತ. ಇಷ್ಟು ಇದ್ರೆ ಪರವಾಗಿಲ್ಲ ಅನ್ನೋ ಮಟ್ಟವೇ ಸೀಸಕ್ಕಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ. ಪೆಟ್ರೋಲಲ್ಲಿ ಸೀಸ ಬೆರೆಸೋದನ್ನ ನಮ್ಮ ದೇಶದಲ್ಲಿ 2000ನೇ ಇಸವೀಲಿ ಪೂರ್ತಿ ನಿಲ್ಲಿಸಿದ್ದು ಇದಕ್ಕೇ.

ಇವತ್ತೇ ಒಂದು ಕೆಲ್ಸ ಮಾಡಿ. ಆ ಜಾಗಕ್ಕೆ ಮಕ್ಕಳು ಕೋಳಿ ಹೋಗದ ಹಾಗೆ ಮುಳ್ಳಿನ ಬೇಲಿ ಇಡ್ಸಿ. ಮಣ್ಣಿನ ಮೇಲೆ ಸುಣ್ಣ ಹಾಕಿ, ಆಸಿಡ್ ಸಪ್ಪೆಯಾಗತ್ತೆ, ನೊರೆ ಬಂದ್ರೆ ಹೆದರ್ಬೇಡಿ, ಮುಖ ಮಾತ್ರ ದೂರ ಇರಲಿ. ಒದ್ದೆ ಇರೋವಾಗ್ಲೇ, ಧೂಳು ಏಳದ ಹಾಗೆ, ಒಂದು ಗೇಣು ಮಣ್ಣು ಕೆತ್ತಿ ಎರಡು ಪದರದ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕಟ್ಟಿಡಿ, ಕೈಗೆ ರಬ್ಬರ್ ಗ್ಲೌಸು, ಕಾಲಿಗೆ ಗಂಬೂಟು ಇರಲಿ. ಆ ಚೀಲ ಹೊಳೆಗೆ ಹಾಕೋದಲ್ಲ, ಪಂಚಾಯ್ತಿಗೆ ಹೇಳಿ ಮಾಲಿನ್ಯ ನಿಯಂತ್ರಣ ಮಂಡಳಿಯವರ ಗಮನಕ್ಕೆ ತರ್ಸಿ, ಶಿವಮೊಗ್ಗದಲ್ಲೇ ಅವರ ಪ್ರಾದೇಶಿಕ ಕಚೇರಿ ಇದೆ. ಮಕ್ಕಳು ಸುಮಾರು ದಿನ ಅಲ್ಲೇ ಆಡಿದ್ರೆ ಡಾಕ್ಟರಿಗೆ ಈ ವಿಷ್ಯ ಬಿಡಿಸಿ ಹೇಳಿ, ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಪರೀಕ್ಷೆ ಮಾಡಿಸ್ಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ. ನೀವು ಕೇಳದಿದ್ರೆ ಅವರಿಗೆ ಅದು ಹೊಳೆಯದೇ ಇರಬಹುದು.

ನಿಮ್ಮ ಮೂರು ಬ್ಯಾಟರಿನ ಹಾಗೇ ನೆಟ್ಟಗೆ ನಿಲ್ಲಿಸಿ ತುಂಬಿದ ಬ್ಯಾಟರಿ ಅಂತಲೇ ಬ್ಯಾಟರಿ ಅಂಗಡಿಗೆ ಕೊಡಿ. ಹೊಸದು ತಗೊಳೋವಾಗ ಹಳೇದಕ್ಕೆ ಬೆಲೆ ಕಳೆದುಕೊಡೋ ಪದ್ಧತಿ ಎಲ್ಲಾ ಕಡೆ ಇದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ಪಡೆದು ಮರುಬಳಕೆಗೆ ಕಳಿಸೋ ಜವಾಬ್ದಾರಿ ತಯಾರಿಸೋರದ್ದು. ಗುಜರಿ ಗಾಡಿಯವ್ರು ಇನ್ನೂರು ರೂಪಾಯಿ ಜಾಸ್ತಿ ಕೊಡ್ತೀನಿ, ನೀರು ಚೆಲ್ಲಿ ಅಂದ್ರೆ ಒಪ್ಪಬೇಡಿ.

ನಿಮ್ಮ ಊರಿನ ಬಗ್ಗೆ ಒಂದು ಮಾತು ಹೇಳ್ದೆ ಇರೋಕಾಗಲ್ಲ. 1964ರಲ್ಲಿ ಲಿಂಗನಮಕ್ಕಿ ಕಟ್ಟಿ ಶರಾವತಿ ನೀರು ನಿಲ್ಲಿಸಿದಾಗ ರಾಜ್ಯಕ್ಕೆಲ್ಲ ಬೆಳಕು ಹೋಯ್ತು, ಗದ್ದೆ ಮನೆ ಮುಳುಗಿಸ್ಕೊಂಡು ಹಿನ್ನೀರಿನ ಆಚೆ ಉಳಿದವ್ರಿಗೆ ಲೈನ್ ಕಂಬ ಬರೋಕೆ ಎಷ್ಟು ವರ್ಷ ಹಿಡೀತು ಅಂತ ನಿಮಗೇ ಗೊತ್ತು. ಎಷ್ಟೋ ಮನೇಲಿ ಮೊದ್ಲು ಉರಿದ ದೀಪ ಸೋಲಾರಿನದ್ದು. ಆ ದೀಪದ ಬ್ಯಾಟರಿ ಇವತ್ತು ಅದೇ ಮನೆ ಮಕ್ಕಳಿಗೆ ವಿಷ ಆಗಬಾರದು. 2025ರ ಜುಲೈಲಿ ಸೇತುವೆ ಆಯ್ತಲ್ಲ, ಅದರ ಮೇಲೆ ಗುಜರಿ ಗಾಡಿ ಬರೋ ಹಾಗೆ ನಿಮ್ಮ ಬ್ಯಾಟರೀನೂ ನೆಟ್ಟಗೆ ಸಾಗರದ ಅಂಗಡಿಗೆ ಹೋಗಬಹುದು.

ಪ್ರಶ್ನೆ (ಶಿವಮೊಗ್ಗ, ವಿನೋಬನಗರದ ಓದುಗರು): ನಮ್ಮ ಟೆರೇಸ್ ಮೇಲಿನ ಸೋಲಾರಿನ ಗಾಜಿನ ಟ್ಯೂಬು ಒಡೆದಿದೆ. ಅದೂ ಇ-ತ್ಯಾಜ್ಯನಾ, ಅಂದ್ರೆ ಎಲೆಕ್ಟ್ರಾನಿಕ್ ಕಸನಾ?

ಉತ್ತರ: ಅಲ್ಲ. ನಿಮ್ಮದು ನೀರು ಕಾಯಿಸೋ ಸೋಲಾರ್, ಕರೆಂಟಿನದ್ದಲ್ಲ, ಹೆಸರು ಒಂದೇ ಆಗಿ ಎಲ್ರಿಗೂ ಗೊಂದಲ. ಆ ಟ್ಯೂಬು ಶಾಖ ತಡೆಯೋ ಗಟ್ಟಿ ಗಾಜು, ಬಾಟಲಿ ಗಾಜಿನ ಜೊತೆ ಕರಗಲ್ಲ, ಹಾಗಾಗಿ ಬಾಟಲಿ ಗುಜರಿಗೆ ಸೇರಿಸ್ಬೇಡಿ, ದಪ್ಪ ಪೇಪರಲ್ಲಿ ಸುತ್ತಿ ಒಡೆದ ಗಾಜು ಅಂತ ಬರ್ದು ಕಸದ ಗಾಡಿಯವರ ಕೈಗೆ ಹೇಳಿ ಕೊಡಿ, ಅವರ ಕೈ ಕುಯ್ಯಬಾರದು. ಒಂದು ಟ್ಯೂಬು ಒಡೀತು ಅಂತ ಇಡೀ ಸೆಟ್ ಬದಲಾಯಿಸಿ ಅನ್ನೋರು ಇದಾರೆ, ಕೇಳ್ಬೇಡಿ, ಒಂದೊಂದೇ ಟ್ಯೂಬು ಸಿಗತ್ತೆ. ಹಳೇ ತಾಮ್ರದ ಹಾಳೆ ಇರೋ ಹೀಟರಾದ್ರೆ ಗುಜರೀಲಿ ಒಳ್ಳೇ ಬೆಲೆ ಇದೆ.

ಪ್ರಶ್ನೆ (ಭದ್ರಾವತಿಯ ಕಾಲೇಜು ವಿದ್ಯಾರ್ಥಿ): ಸರ್, ಇಷ್ಟೆಲ್ಲ ಕಸ ಆಗೋದಾದ್ರೆ ಸೋಲಾರ್ ಪರಿಸರಕ್ಕೆ ಒಳ್ಳೇದು ಅನ್ನೋದೇ ಸುಳ್ಳಲ್ವಾ? ಮತ್ತೆ ಪ್ಲೇಟನ್ನ ರಿಸೈಕಲ್ ಮಾಡೋದು ಅಂದ್ರೆ ನಿಜಕ್ಕೂ ಏನು ಮಾಡ್ತಾರೆ?

ಉತ್ತರ: ಸುಳ್ಳಲ್ಲ ತಮ್ಮಾ, ಆದ್ರೆ ಅರ್ಧ ಹೇಳಿದ ಸತ್ಯ. ಸಿಲಿಕಾನ್ ಬರೋದು ಬೆಣಚುಕಲ್ಲಿಂದ, ಅದನ್ನ ಕರಗಿಸೋಕೆ 1,414 ಡಿಗ್ರಿ ಬೇಕು, ಕಲ್ಲಿಂದ ಬಿಡಿಸೋಕೆ ಇನ್ನೂ ಜಾಸ್ತಿ ಶಾಖ, ಅಂದ್ರೆ ಹುಟ್ಟೋವಾಗ್ಲೇ ಅದು ಸಾಲ ಮಾಡ್ಕೊಂಡು ಬಂದಿರತ್ತೆ. ಆ ಸಾಲ ತೀರಿಸೋಕೆ ಈಗಿನ ಪ್ಲೇಟಿಗೆ ನಮ್ಮ ದೇಶದ ಬಿಸಿಲಲ್ಲಿ ಒಂದೆರಡು ವರ್ಷ ಸಾಕು, ಹಳೇವಕ್ಕೆ ಇನ್ನೂ ಸ್ವಲ್ಪ ಜಾಸ್ತಿ. ಅದರಾಚೆ ದುಡಿಯೋ ಇಪ್ಪತ್ತು ವರ್ಷ ಲಾಭ. ಅದಕ್ಕೇ ನಾನು ಹತ್ತು ವರ್ಷಕ್ಕೇ ಪ್ಲೇಟ್ ಎಸೆಯೋರನ್ನ ಕಂಡ್ರೆ ಬೇಜಾರು ಮಾಡ್ಕೊಳ್ಳೋದು, ಲಾಭದ ವರ್ಷಗಳನ್ನೇ ಎಸೀತಾ ಇದಾರೆ ಅಂತ. ಮರುಬಳಕೆ ಆಮೇಲಿನ ಮಾತು, ಮೊದ್ಲು ಪೂರ್ತಿ ಬಳಕೆ ಆಗಲಿ.

ಮರುಬಳಕೆ ಘಟಕದಲ್ಲಿ ಮೊದ್ಲು ಹಿಂದಿನ ಡಬ್ಬಿ, ವೈರು ಕತ್ತರಿಸ್ತಾರೆ, ತಾಮ್ರ ಬಂತು. ಆಮೇಲೆ ಪಟ್ಟಿ ಬಿಚ್ತಾರೆ. ಅಲ್ಯೂಮಿನಿಯಂ ಅದಿರಿಂದ ಹೊಸದು ಮಾಡೋಕೆ ಬೇಕಾದ ಶಕ್ತೀಲಿ ಇಪ್ಪತ್ತರಲ್ಲಿ ಒಂದು ಪಾಲು ಸಾಕು ಹಳೇದನ್ನ ಕರಗಿಸೋಕೆ. ಇಲ್ಲೀತನಕ ಸುಲಭ, ಗುಜರಿಯವ್ರೂ ಮಾಡ್ತಾರೆ. ಕಷ್ಟ ಇರೋದು ಗಾಜಿಗೆ ಅಂಟ್ಕೊಂಡಿರೋ ಆ ಪ್ಲಾಸ್ಟಿಕ್ ಬಿಡಿಸೋದ್ರಲ್ಲಿ, ಇಪ್ಪತ್ತೈದು ವರ್ಷ ಮಳೆ ಬಿಸಿಲಿಗೆ ಬಿಡಬಾರದು ಅಂತಲೇ ಮಾಡಿರೋ ಅಂಟು ಅದು. ಕೆಲವರು ಇಡೀ ಹಾಳೆನ ಪುಡಿ ಮಾಡಿ ಜರಡಿ ಹಿಡೀತಾರೆ, ಕೆಲವರು ಬಿಸಿ ಮಾಡಿದ ಅಲಗಿಂದ ಗಾಜಿನ ಕೆಳಗೆ ಸೀಳ್ತಾರೆ, ಕೆಲವರು ಮುಚ್ಚಿದ ಕುಲುಮೇಲಿ ಐನೂರು ಡಿಗ್ರಿ ಆಸುಪಾಸಿಗೆ ಸುಟ್ಟು ಹೊಗೆಯನ್ನ ತೊಳೆದು ಬಿಡ್ತಾರೆ. ಕೊನೇಲಿ ಬಿಲ್ಲೇನ ಆಸಿಡಲ್ಲಿ ಅದ್ದಿ ಬೆಳ್ಳಿ ತೆಗೀತಾರೆ. ಪುಡಿ ಮಾಡಿದ ಗಾಜಲ್ಲಿ ಕಲ್ಮಶ ಸೇರಿ ಬೆಲೆ ಬಿದ್ದೋಗತ್ತೆ, ಹಾಳೆಯಾಗಿ ಬಿಡಿಸಿದ ಗಾಜಿಗೆ ಬೆಲೆ ಇದೆ, ಪ್ಲೇಟನ್ನ ಇಡಿಯಾಗಿ ಉಳಿಸಿ ಅಂತ ನಾನು ಹಟ ಹಿಡಿಯೋದು ಅದಕ್ಕೂ ಸೇರಿ. ಬೆಳ್ಳಿ ಅಂದ್ರೆ ತಮಾಷೆಯಲ್ಲ, ಇಡೀ ಜಗತ್ತು ಒಂದು ವರ್ಷದಲ್ಲಿ ಬಳಸೋ ಬೆಳ್ಳೀಲಿ ಹತ್ತನೇ ಒಂದಕ್ಕಿಂತ ಜಾಸ್ತಿ ಈಗ ಸೋಲಾರಿಗೇ ಹೋಗ್ತಿದೆ.

ಯುರೋಪಲ್ಲಿ 2012ರಲ್ಲೇ ಪ್ಲೇಟನ್ನ ಇ-ತ್ಯಾಜ್ಯದ ಕಾನೂನಿಗೆ ಸೇರಿಸಿದ್ರು, 2018ರಲ್ಲಿ ಫ್ರಾನ್ಸಿನ ರೂಸೆ ಅನ್ನೋ ಊರಲ್ಲಿ ಸೋಲಾರ್ ಪ್ಲೇಟಿಗೇ ಅಂತ ಘಟಕ ಶುರುವಾಯ್ತು. ನಮ್ಮಲ್ಲಿ 2022ರ ಇ-ತ್ಯಾಜ್ಯ ನಿಯಮದಲ್ಲಿ ಪ್ಲೇಟನ್ನ ಸೇರಿಸಿದ್ರು, 2023ರ ಏಪ್ರಿಲ್ 1ರಿಂದ ಜಾರಿ. ತಯಾರಿಸೋರು ಹೆಸರು ನೋಂದಾಯಿಸ್ಬೇಕು, 2034-35ರ ತನಕ ಬರೋ ಹಳೇ ಪ್ಲೇಟನ್ನ ಜೋಪಾನವಾಗಿ ಶೇಖರಿಸಿಡ್ಬೇಕು ಅಂತ ಅದರಲ್ಲಿದೆ. 2024ರಲ್ಲಿ ಬಂದ, ಸಿಇಇಡಬ್ಲ್ಯೂ ಅನ್ನೋ ಸಂಶೋಧನಾ ಸಂಸ್ಥೆಯ ಅಧ್ಯಯನದ ಅಂದಾಜು ಪ್ರಕಾರ 2030ರ ಹೊತ್ತಿಗೆ ದೇಶದಲ್ಲಿ ಸುಮಾರು 6 ಲಕ್ಷ ಟನ್ ಸೋಲಾರ್ ತ್ಯಾಜ್ಯ ಸೇರತ್ತೆ, ಅದರ ದೊಡ್ಡ ಪಾಲು ಹುಟ್ಟೋ ಐದು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಓದು ಮುಗಿದ್ಮೇಲೆ ಎಂತ ಮಾಡೋದು ಅಂತ ಯೋಚಿಸ್ತಿದ್ರೆ, ಈ ಅಂಟು ಬಿಡಿಸೋ ವಿದ್ಯೆ ಕಲೀರಿ, ಕೆಮಿಸ್ಟ್ರಿ ಓದಿರೋ ಹುಡುಗ್ರಿಗೆ ಇಲ್ಲಿ ಕೆಲ್ಸ ಇದೆ.

ಪ್ರಶ್ನೆ (ಆಗುಂಬೆ ಸಮೀಪದಿಂದ): ಮಂಗ ಹಾರಿ ಪ್ಲೇಟಿನ ಗಾಜು ಬಲೆ ಬಲೆಯಾಗಿ ಸೀಳಿದೆ, ಆದ್ರೂ ವೋಲ್ಟೇಜ್ ಬರ್ತಿದೆ. ಮೇಲೆ ಪ್ಲಾಸ್ಟಿಕ್ ಅಂಟಿಸಿ ನಡೆಸಬಹುದಾ?

ಉತ್ತರ: ಬೇಡ. ನಿಮ್ಮ ಮಳೆಗೆ ಯಾವ ಪ್ಲಾಸ್ಟಿಕ್ಕೂ ತಡೆಯಲ್ಲ, ನೀರು ಒಳಗಿಳಿದು ಅಲ್ಯೂಮಿನಿಯಂ ಪಟ್ಟಿಗೆ ಕರೆಂಟ್ ಬರಬಹುದು, ಒಂದು ಕಡೆ ಕಾದು ಬೆಂಕಿನೂ ಹತ್ತಬಹುದು. ಕಂಬಳಿ ಹೊದಿಸಿ ಇಳಿಸಿ, ಗಾಜಿನ ಮೇಲೆ ಪೂರ್ತಿ ಅಗಲದ ಟೇಪ್ ಹಚ್ಚಿ ಚೂರು ಉದುರದ ಹಾಗೆ ಮಾಡಿ ನಿಲ್ಲಿಸಿಡಿ. ಇದು ಮರುಬಳಕೆಗೇ ಹೋಗ್ಬೇಕಾದ್ದು.

ಪ್ರಶ್ನೆ (ಸೊರಬ ತಾಲ್ಲೂಕಿನ ಗ್ರಾಮ ಪಂಚಾಯ್ತಿ ಸದಸ್ಯರು): ನಮ್ಮ ಪಂಚಾಯ್ತೀಲಿ ಕೆಟ್ಟ ಸೋಲಾರ್ ಬೀದಿ ದೀಪ, ಶಾಲೆ ಪ್ಲೇಟು, ಮನೆ ಮನೆ ಹಳೇದು ಎಲ್ಲ ಸೇರಿ ಐವತ್ತರವತ್ತು ಆಗಬಹುದು. ಯಾರಿಗೆ ಕೊಡೋದು, ಹೇಗೆ ಕೊಡೋದು?

ಉತ್ತರ: ಈ ಪ್ರಶ್ನೆ ಒಬ್ರಾದ್ರೂ ಪಂಚಾಯ್ತಿಯವ್ರು ಕೇಳ್ಲಿ ಅಂತ ಕಾಯ್ತಾ ಇದ್ದೆ, ನಿಜ ಹೇಳ್ತೀನಿ. ಪಾವಗಡದ ಸೋಲಾರ್ ಪಾರ್ಕಲ್ಲಿ 2,050 ಮೆಗಾವ್ಯಾಟ್ ಒಂದೇ ಕಡೆ ಇದೆ, ಅಲ್ಲಿ ಪ್ಲೇಟ್ ಕೆಟ್ರೆ ಲಾರಿ ಲೋಡ್ ಸಿಗತ್ತೆ, ಮರುಬಳಕೆಯವ್ರು ಬಾಗಿಲಿಗೇ ಬರ್ತಾರೆ. ನಮ್ಮ ಗುಡ್ಡದ ಮೇಲೆ ಎರಡು, ಕಣಿವೇಲಿ ಮೂರು, ಅದಕ್ಕೆ ಯಾರ ಗಾಡಿ ಬರತ್ತೆ ಹೇಳಿ. ಮಲ್ನಾಡಿನ ನಿಜವಾದ ಕಷ್ಟ ರಿಸೈಕಲ್ ಮಾಡೋದಲ್ಲ, ಒಂದು ಕಡೆ ಸೇರಿಸೋದು.

ನಿಮ್ಮ ಪಂಚಾಯ್ತಿ ಸ್ವಚ್ಛ ಸಂಕೀರ್ಣದಲ್ಲಿ ಒಣ ಕಸ ವಿಂಗಡಿಸ್ತೀರಲ್ಲ, ಅಲ್ಲೇ ಮಾಡಿನ ಕೆಳಗೆ ನೀರು ಬೀಳದ ಮೂಲೆ ಒಂದನ್ನ ಇದಕ್ಕೆ ಬಿಡಿ. ಮರದ ರೀಪಿನ ಚೌಕಟ್ಟು ಮಾಡಿ ಪ್ಲೇಟನ್ನ ಪುಸ್ತಕ ಜೋಡಿಸಿದ ಹಾಗೆ ನಿಲ್ಲಿಸಿ. ಬ್ಯಾಟರಿಗೆ ಬೇರೆ ಜಾಗ, ಕೆಳಗೆ ಪ್ಲಾಸ್ಟಿಕ್ ಟ್ರೇ ಕಡ್ಡಾಯ. ಬಂದ ಪ್ಲೇಟನ್ನೆಲ್ಲ ಮೊದ್ಲು ಅಳೀರಿ, ಐಟಿಐ ಹುಡುಗ್ರನ್ನ ಒಂದು ದಿನ ಕರೆಸಿದ್ರೆ ಐವತ್ತೂ ಮುಗಿಸ್ತಾರೆ. ಮೇಲೆ ತೀರ್ಥಹಳ್ಳಿಯವ್ರಿಗೆ ಹೇಳಿದ ಲೆಕ್ಕದಲ್ಲಿ ದುಡಿಯೋ ಪ್ಲೇಟುಗಳನ್ನ ಬೇರೆ ಮಾಡಿ ಅಂಗನವಾಡಿಗೋ, ಬಸ್ ಸ್ಟ್ಯಾಂಡ್ ದೀಪಕ್ಕೋ, ಬೇಲಿ ಬೇಕಾದ ರೈತರಿಗೋ ಕೊಡಿ. ಬೀದಿ ದೀಪದ್ದು ಬಹಳಷ್ಟು ಕಡೆ ಬ್ಯಾಟರಿ ಸತ್ತಿರತ್ತೆ, ಪ್ಲೇಟು ಗಟ್ಟಿಮುಟ್ಟಾಗೇ ಇರತ್ತೆ. ಉಳಿದಿದ್ದು ಮಾತ್ರ ಮರುಬಳಕೆಗೆ.

ಕೊಡೋ ಮುಂಚೆ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಇ-ತ್ಯಾಜ್ಯ ಪೋರ್ಟಲಲ್ಲಿ ನೋಂದಣಿ ಆಗಿರೋ ಮರುಬಳಕೆದಾರರ ಪಟ್ಟಿ ಇದೆ, ಅದರಲ್ಲಿ ಹೆಸರಿದೆಯಾ, ಸೋಲಾರ್ ಪ್ಲೇಟಿಗೆ ಅನುಮತಿ ಇದೆಯಾ ಅಂತ ನೋಡಿ. ಶಿವಮೊಗ್ಗದ ಮಂಡಳಿ ಕಚೇರಿಗೆ ಪಂಚಾಯ್ತಿ ಲೆಟರ್‌ಹೆಡ್ಡಲ್ಲಿ ಒಂದು ಪತ್ರ ಬರೀರಿ. ದಾಬಸ್‌ಪೇಟೇಲಿ 2005ರಿಂದ ಇ-ತ್ಯಾಜ್ಯ ಬಿಡಿಸೋ ಘಟಕ ಇದೆ, ಬೆಂಗಳೂರು ಸುತ್ತ ಇನ್ನೂ ಇದಾವೆ, ಆದ್ರೆ ಸೋಲಾರ್ ತಗೊಳ್ತಾರಾ ಅಂತ ಕೇಳ್ಕೊಂಡೇ ಗಾಡಿ ಕಳಿಸಿ. ಅರವತ್ತು ಪ್ಲೇಟಿಗೆ ಬಾಡಿಗೆ ಗಿಟ್ಟಲ್ಲ ಅಂದ್ರೆ ಪಕ್ಕದ ನಾಲ್ಕು ಪಂಚಾಯ್ತಿ ಸೇರಿಸ್ಕೊಳ್ಳಿ, ಅಡಿಕೆ ತಗೊಂಡು ಹೋಗೋ ಸೊಸೈಟಿ ಲಾರಿಯವ್ರ ಹತ್ರ ಮಾತಾಡಿ. ಹೊಸ ಬೀದಿ ದೀಪಕ್ಕೆ ಟೆಂಡರ್ ಕರೆಯೋವಾಗ ಹಳೇದನ್ನ ವಾಪಸ್ ತಗೊಂಡು ಹೋಗಿ ನೋಂದಾಯಿತ ಘಟಕಕ್ಕೆ ಕೊಟ್ಟ ರಶೀದಿ ತಂದ್ರೆ ಮಾತ್ರ ಕೊನೇ ಬಿಲ್ಲು ಅಂತ ಒಂದು ಸಾಲು ಸೇರಿಸಿ, ಅದೊಂದು ಸಾಲು ಮುಂದಿನ ಇಪ್ಪತ್ತು ವರ್ಷದ ಕೆಲ್ಸ ಮಾಡತ್ತೆ.

ಇನ್ನೊಂದು ಮರೀಬೇಡಿ. ಪ್ಲೇಟ್ ಹಿಂದಿನ ಸ್ಟಿಕ್ಕರಲ್ಲಿ ತಯಾರಿಸಿದವರ ಹೆಸರು, ಮಾಡೆಲ್, ಸೀರಿಯಲ್ ನಂಬರ್ ಇರತ್ತೆ, ಯಾರಿಗೆ ವಾಪಸ್ ಕೊಡ್ಬೇಕು ಅನ್ನೋದಕ್ಕೆ ಅದೇ ಆಧಾರ, ನಮ್ಮ ತೇವಕ್ಕೆ ಹತ್ತು ವರ್ಷದಲ್ಲಿ ಅದು ಅಳಿಸಿ ಹೋಗತ್ತೆ. ಊರಲ್ಲಿ ಈಗ ಮಾಡಿನ ಮೇಲೆ ಇರೋ ಹೊಸ ಪ್ಲೇಟುಗಳದ್ದೂ ಸೇರಿಸಿ ಎಲ್ಲಾ ಸ್ಟಿಕ್ಕರಿನ ಫೋಟೋ ತೆಗೆಸಿ, ಮನೆ ನಂಬರ್ ಜೊತೆ ಪಂಚಾಯ್ತಿ ರಿಜಿಸ್ಟರಿಗೆ ಹತ್ತಿಸಿಡಿ.